ದಾವಲಸಾಬನ ಚೀನಾ ಕತ್ತಿ

ಸತ್ತವರನ್ನು ಸಾಲಾಗಿ ಗೋಡೆಗೆ ತೂಗುಹಾಕಿ, ಅವರ ಕೆಳಗೆ ಕೂತು ರೊಟ್ಟಿ ತಿನ್ನುವ ಕಸುಬು ನನ್ನದು. ಗಾಬರಿಯಾಗಬೇಡಿ, ಬೆಟಗೇರಿಯಲ್ಲಿ ನನ್ನದೊಂದು ಫೋಟೋಗೆ ಕಟ್ಟು ಹಾಕುವ ಅಂಗಡಿ ಇದೆ. ಮೊದಲು ಮದುವೆಯ ಫೋಟೋ, ದೇವರ ಪಟ, ಶಾಲೆಯಲ್ಲಿ ಗೆದ್ದ ಪ್ರಶಸ್ತಿಪತ್ರ ಎಲ್ಲವೂ ಬರುತ್ತಿದ್ದವು. ಈಗ ಮದುವೆಗಳೆಲ್ಲ ಫೋನಿನೊಳಗೇ ಆಗಿ ಫೋನಿನೊಳಗೇ ಹಳತಾಗುತ್ತವೆ. ಗೋಡೆಗೆ ಬರುವವರು ಸತ್ತವರು ಮಾತ್ರ. ಹೀಗಾಗಿ ನನ್ನ ಗಿರಾಕಿಗಳಲ್ಲಿ ಯಾರೂ ನಗುತ್ತ ಬರುವುದಿಲ್ಲ, ಚೌಕಾಸಿಯನ್ನೂ ಅಳುತ್ತಲೇ ಮಾಡುತ್ತಾರೆ. "ಜಲ್ದಿ ಬೇಕ್ರಿ, ದಿನದ ಕಾರ್ಯಕ್ಕ ಮಂದಿ ಬರತಾರ" ಎನ್ನುತ್ತಾರೆ. ಕೊಡುವ ಫೋಟೋ ಹೆಚ್ಚಾಗಿ ಆಧಾರ್ ಕಾರ್ಡಿನದು. ಆ ಫೋಟೋದಲ್ಲಿ ಎಂಥ ಸಾಧು ಮನುಷ್ಯನೂ ಆಗಷ್ಟೇ ಕುರಿ ಕದ್ದು ಸಿಕ್ಕಿಬಿದ್ದವನ ಹಾಗೆ ಕಾಣುತ್ತಾನೆ. ನಾನು ಅದನ್ನು ಕಂಪ್ಯೂಟರಿಗೆ ಹಾಕಿ, ಮುಖದ ಕಪ್ಪು ತೆಗೆದು, ಕೋಟು ತೊಡಿಸಿ, ಹಿಂದೆ ನೀಲಿ ಬಣ್ಣ ಬಿಡುತ್ತೇನೆ. ಒಮ್ಮೆ ಅಂತೂರ ಬೆಂತೂರಿನ ಯಜಮಾನರೊಬ್ಬರಿಗೆ ಉತ್ಸಾಹದಲ್ಲಿ ಕರಿ ಕೋಟಿನ ಜೊತೆಗೆ ಕೆಂಪು ಟೈಯನ್ನೂ ಕಟ್ಟಿಬಿಟ್ಟೆ. ಅವರ ಹೆಂಡತಿ ಬಹಳ ಹೊತ್ತು ನೋಡಿ, "ಇವರು ಯಾರ್ರಿ?" ಎಂದು ಕೇಳಿದರು. ಟೈ ತೆಗೆದೆ. ಆಗ ಗುರುತು ಹಿಡಿದು ಅತ್ತರು. ಅತ್ತಾದ ಮೇಲೆ, "ಸ್ವಲ್ಪ ನಗಸ್ರಿ. ಜೀವ ಇದ್ದಾಗಂತೂ ನಗಲಿಲ್ಲ" ಎಂದರು. ಅದನ್ನೂ ಮಾಡಿಕೊಟ್ಟೆ.

ಇಂಥ ಅಂಗಡಿಯೊಳಗೆ ಒಂದು ಚೀನಾ ಕತ್ತಿ ಬಂದು ಕೂತು ನನ್ನ ನೆಮ್ಮದಿ ಕೆಡಿಸಿದ ಕಥೆಯನ್ನು ಹೇಳಬೇಕಾಗಿದೆ. ಚೀನಾ ಎಂದೊಡನೆ ನೀವು ಸಂತೆಯಲ್ಲಿ ಸಿಗುವ, ಮನೆ ಮುಟ್ಟುವುದರೊಳಗೆ ಮುರಿಯುವ ಆಟಿಕೆ ಎಂದುಕೊಳ್ಳಬೇಡಿ. ಇದು ಚೀನಾದಲ್ಲಿ ಮಾಡಿದ್ದಲ್ಲ. ಚೀನಾದ ಹಳೇ ರಾಜರ ಕಾಲದ ಕತ್ತಿಯನ್ನು ನೋಡಿ, ಹಾಗೆಯೇ ಕೈಯಿಂದ ಮಾಡಿದ್ದು. ಮಾಡಿದವನು ಲಕ್ಷ್ಮೇಶ್ವರದ ದಾವಲಸಾಬ, ನನ್ನ ಶಾಲೆಯ ಗೆಳೆಯ. ಅವರದು ಕುಲುಮೆಯ ಮನೆ. ಅವನ ಅಪ್ಪ, ಅಜ್ಜ ಸುತ್ತಲಿನ ಹಳ್ಳಿಗಳಿಗೆಲ್ಲ ಕುಡುಗೋಲು, ಕೊಡಲಿ, ಕುಂಟೆಯ ಕುಡ ಮಾಡಿಕೊಟ್ಟವರು. ಟ್ರ್ಯಾಕ್ಟರು ಬಂದ ಮೇಲೆ ಕುಲುಮೆ ಆರಿತು. ಆಗ ಬೆಟಗೇರಿಯ ಹೊರಗೆ ಒಬ್ಬ ವ್ಯಾಪಾರಿ ಶೆಡ್ಡು ಹಾಕಿ, ಹೊರದೇಶದ ಶೋಕಿವಾಲಾಗಳಿಗೆ ಅಂದಕ್ಕೆ ತೂಗುಹಾಕುವ ಹಳೇ ಮಾದರಿಯ ಕತ್ತಿಗಳನ್ನು ಮಾಡಿಸಿ ಕಳಿಸುತ್ತಿದ್ದ. ಹರಿತ ಇರುವುದಿಲ್ಲ, ಅಂದ ಮಾತ್ರ. ದಾವಲಸಾಬ ಅಲ್ಲಿ ಸೇರಿಕೊಂಡ. ಫೋಟೋ ಕೊಟ್ಟರೆ ಸಾಕು, ಎಲ್ಲ ಕೋನದಿಂದ ಅದನ್ನು ನೋಡಿ, ಲಾರಿಯ ಹಳೇ ಉಕ್ಕಿನ ಕಮಾನು ಪಟ್ಟಿಯನ್ನು ಬಡಿದು ಕತ್ತಿ ಮಾಡುತ್ತಿದ್ದ. ಚೀನಾದ ರಾಜಮನೆತನಗಳ ವಿಷಯವನ್ನು ಅವನು ಪಕ್ಕದೂರಿನ ಗೌಡಕಿಯ ವಿಷಯದಂತೆ ಮಾತಾಡುತ್ತಿದ್ದ. "ಹಾನ್ ಮಂದೀದು ನೆಟ್ಟಗ ಇರತೈತಿ, ಎರಡೂ ಕಡೆ ಬಾಯಿ. ಮಿಂಗ್ ಮಂದಿ ಮುಂದ ಬಾಗಿಸಿದ್ರು, ಕುದುರಿ ಮ್ಯಾಲಿಂದ ಹೊಡ್ಯಾಕ" ಎನ್ನುತ್ತಿದ್ದ. ನಾನು ಹಾಂ ಹಾಂ ಎಂದು ರೊಟ್ಟಿ ಮುರಿಯುತ್ತಿದ್ದೆ.

ನಮ್ಮಿಬ್ಬರ ಕಸುಬಿನಲ್ಲಿ ಒಂದು ವಿಚಿತ್ರವಿತ್ತು. ನನ್ನದು ಹಳೆಯ ಮುಖವನ್ನು ಹೊಸದು ಮಾಡುವ ಕೆಲಸ, ಅವನದು ಹೊಸ ಕತ್ತಿಯನ್ನು ಹಳೆಯದು ಮಾಡುವ ಕೆಲಸ. ಥಳಥಳಿಸುವ ಹಿತ್ತಾಳೆಯ ಹಿಡಿಯನ್ನು ಉಪ್ಪುನೀರು ಹಚ್ಚಿ, ಹೊಗೆ ಹಿಡಿಸಿ, ಮಣ್ಣಲ್ಲಿ ಹುಗಿದು, ಸಾವಿರ ವರ್ಷ ಕಂಡದ್ದರಂತೆ ಮಂಕು ಮಾಡುತ್ತಿದ್ದ. "ಇಬ್ಬರೂ ಸುಳ್ಳ ಹೇಳೇ ಹೊಟ್ಟಿ ಹೊರಕೊಳ್ಳೋರು ಬಿಡಲೇ ಬಸ್ಯಾ" ಎಂದು ನಗುತ್ತಿದ್ದ. ಒಂದು ಚಳಿಗಾಲ ಇಬ್ಬರೂ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗಿದ್ದೆವು. ಆ ಬಾತುಗಳು ಹಿಮಾಲಯದ ಆಚೆಯಿಂದ ಬರುತ್ತವೆ ಎಂದು ಅಲ್ಲಿದ್ದ ಯಾರೋ ಹೇಳಿದರು. ದಾವಲಸಾಬ ದಂಡೆಯ ಮೇಲೆ ಕೂತು, "ಅಂದ್ರ ಇವು ಚೀನಾದ ಮ್ಯಾಲಿಂದನ ಬಂದಾವು. ಅಲ್ಲಿ ಖರೆ ಕತ್ತಿ ಹೆಂಗ ಅದಾವು, ನಂದೂ ಹಂಗ ಬಂದೈತೋ ಇಲ್ಲೋ ಕೇಳಬೇಕಿತ್ತು. ಯಾರ ಹೇಳಬೇಕು ನನಗ?" ಎಂದ. ನಾನು ಆಗ ಅದನ್ನು ಚೇಷ್ಟೆ ಎಂದುಕೊಂಡೆ. ಹಾಗೆ ಹೇಳಿದ ಮೇಲೆ ಅವನು ಬಹಳ ಹೊತ್ತು ಕೆಮ್ಮಿದ.

ಕೆಮ್ಮು ಸಾಣೆಯ ಧೂಳಿನದು. ಎಷ್ಟೋ ವರ್ಷ ಉಕ್ಕನ್ನು ಉಜ್ಜಿ ಉಜ್ಜಿ, ಅದರ ಪುಡಿಯೆಲ್ಲ ಎದೆಯಲ್ಲಿ ಕೂತಿತ್ತು. ಗದಗಿನ ಡಾಕ್ಟರು ಎದೆಯ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿ, ಇನ್ನು ಕೆಲಸ ಬೇಡ ಎಂದರು. ಹೊರಗೆ ನನ್ನನ್ನು ಕರೆದು, ಕೆಲಸ ಬಿಟ್ಟರೂ ಬಹಳ ದಿನ ಇಲ್ಲ ಎಂದರು. ಅದನ್ನು ನಾನು ದಾವಲಸಾಬನಿಗೆ ಹೇಳಲಿಲ್ಲ. ಅವನೇ ನನ್ನ ಮುಖ ನೋಡಿ, "ಆತು ಬಿಡು, ಗೊತ್ತಾತು. ನೀ ಸುಳ್ಳು ಕಂಪ್ಯೂಟರಿನ್ಯಾಗಷ್ಟ ಚಲೋ ಹೇಳತಿ" ಎಂದ.

ಶೆಡ್ಡಿನ ಕೆಲಸ ಬಿಟ್ಟ ಮೇಲೆ ಮನೆಯ ಹಿತ್ತಲಿನ ಆರಿದ ಕುಲುಮೆಯನ್ನು ಮತ್ತೆ ಹೊತ್ತಿಸಿ, ಡಾಕ್ಟರಿಗೂ ಹೆಂಡತಿಗೂ ಕದ್ದು, ಯಾರೂ ಮಾಡಲು ಹೇಳದ ಒಂದು ಕತ್ತಿಯನ್ನು ಅವನು ತನಗಾಗಿ ಮಾಡಿದ. ಒಂದು ದಿನ ಅದನ್ನು ಚಾಪೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂದ. ಕಂಡಕ್ಟರು ಅದೇನು ಎಂದು ಕೇಳಿದ್ದಕ್ಕೆ, "ಚೀನಾ ಕತ್ತಿರಿ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದನಂತೆ. ಬಸ್ಸಿಗೆ ಬಸ್ಸೇ ನಕ್ಕಿತಂತೆ. ಖರೆ ಹೇಳಿದರೆ ಲಗೇಜು ಟಿಕೀಟು ಕೂಡ ಇಲ್ಲ ನೋಡು ಎಂದು ಅವನೂ ನಕ್ಕ. ಚಾಪೆ ಬಿಚ್ಚಿದ. ನನಗೆ ಕತ್ತಿಯ ವಿಷಯ ಏನೂ ತಿಳಿಯದು, ಆದರೂ ಕೈಯಲ್ಲಿದ್ದ ಗಾಜು ಕೆಳಗಿಟ್ಟೆ. ಹಾನ್ ರಾಜರ ಕಾಲದ ನೆಟ್ಟನೆಯ ಕತ್ತಿ. ಅಲಗಿಗೆ ಎಂಟು ಮುಖ, ಹಿಡಿಯಿಂದ ತುದಿಯವರೆಗೆ ಎಂಟೂ ಗೆರೆ ಎಲ್ಲೂ ತಪ್ಪದೆ ಹೋಗಿ ಒಂದೇ ಮೊನೆಯಲ್ಲಿ ಕೂಡಿದ್ದವು. ಹಿಡಿಗೆ ನಮ್ಮ ಬೆಟಗೇರಿಯ ಮಗ್ಗದ ರೇಷ್ಮೆ ಎಳೆಯನ್ನೇ ಹುರಿ ಮಾಡಿ ಸುತ್ತಿದ್ದ. ನನಗೆ ಏನು ಹೇಳಬೇಕೋ ತಿಳಿಯದೆ, "ಭಾಳ ಉದ್ದ ಐತಿ" ಎಂದೆ. ಇಂಥ ಹೊತ್ತಿನಲ್ಲಿ ನನ್ನ ಬಾಯಿಂದ ಇಂಥ ಮಾತೇ ಬರುತ್ತದೆ.

ದಾವಲಸಾಬ ಕುರ್ಚಿಯಲ್ಲಿ ಕೂತು ಉಸಿರು ಹಿಡಿದುಕೊಂಡು ಹೇಳಿದ. "ನಾ ಮಾಡಿದ್ದೆಲ್ಲಾ ಪೆಟ್ಟಿಗ್ಯಾಗ ಕುಂತು ಹೊರದೇಶಕ್ಕ ಹೋತು. ಪೆಟ್ಟಿಗಿ ಮ್ಯಾಲ ಸಾಹುಕಾರನ ಹೆಸರು. ಒಂದರ ಮ್ಯಾಲೂ ನನ್ನ ಹೆಸರಿಲ್ಲ. ಇದಕ್ಕೊಂದು ಗ್ಲಾಸಿನ ಕಟ್ಟ ಹಾಕಿ ನಿನ್ನ ಅಂಗಡ್ಯಾಗ ತೂಗಬಿಡು, ಕೆಳಗ ನನ್ನ ಹೆಸರ ಬರಿ. ನಾ ಹೋಗೂದ್ರೊಳಗ ಯಾರರ ಒಬ್ಬರು ಇದನ್ನ ನೋಡಿ, ಇದನ್ನ ಮಾಡಿದಂವ ಯಾರು ಅಂತ ಕೇಳಬೇಕು. ನಾ ಕೇಳಿಸ್ಕೋಬೇಕು. ಅಷ್ಟ."

"ನಿನ್ನ ಮನ್ಯಾಗ ಹಾಕ್ಕೋ. ಮೊಮ್ಮಕ್ಕಳು ನೋಡತಾವು" ಎಂದೆ.

ಅವನು ನನ್ನನ್ನು ಕರುಣೆಯಿಂದ ನೋಡಿದ. "ಕತ್ತಿ ನಿನ್ನ ಗ್ವಾಡಿ ಮ್ಯಾಲ ಇದ್ರ ಮಂದಿ ಚಂದ ಐತಿ ಅಂತಾರ. ನನ್ನ ಗ್ವಾಡಿ ಮ್ಯಾಲ ಇದ್ರ, ಯಾಕ ಐತಿ ಅಂತಾರ. ನೀ ಪೇಪರ್ ಓದೂದಿಲ್ಲೇನು?"

ನಾನು ಪೇಪರ್ ಓದುತ್ತೇನೆ. ಅದಕ್ಕೇ ಚಾಪೆಯನ್ನು ಮತ್ತೆ ಸುತ್ತಿ ಕತ್ತಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಅಂಗಡಿಯಲ್ಲಿ ಜಾಗ ಇಕ್ಕಟ್ಟೆಂದು ಮೊದಲು ನನ್ನ ಮನೆಗೇ ಒಯ್ದೆ. ನನ್ನ ಹೆಂಡತಿ ಗಿರಿಜಾ ಬಾಗಿಲಲ್ಲೇ ತಡೆದಳು. "ಮನ್ಯಾಗ ಕತ್ತಿ ತೂಗಬಿಟ್ರ ದಸರಾದಾಗ ಖಂಡೇನವಮಿಗೆ ಪೂಜಿ ಮಾಡಬೇಕಾಕ್ಕೈತಿ. ಒಮ್ಮೆ ಮಾಡಿದ್ರ ಪ್ರತಿ ವರ್ಷಾ ಮಾಡಬೇಕು, ಬಿಟ್ರ ಕಾಡತೈತಿ. ಈ ಮನ್ಯಾಗ ಕಾಡೋವು ಮದಲ ಸಾಕಷ್ಟ ಅದಾವು" ಎಂದು ನನ್ನನ್ನೇ ನೋಡಿದಳು. ಕತ್ತಿ ಅಂಗಡಿಗೆ ವಾಪಸು ಬಂತು.

ಒಳ್ಳೆಯ ಸಾಗವಾನಿ ಪಟ್ಟಿ ತಂದು, ಕೆಂಪು ಮಖಮಲ್ಲು ಹಾಸಿ, ದಪ್ಪ ಗಾಜು ಹಾಕಿ ಕಟ್ಟು ಮಾಡಿದೆ. ಬದುಕಿರುವವನಿಗಾಗಿ ಕಟ್ಟು ಹಾಕಿ ಎಷ್ಟು ಕಾಲವಾಗಿತ್ತೋ. ಕೆಳಗೆ ಬಳ್ಳಿಯ ಅಂಚು ಬಿಟ್ಟು, 'ದಾವಲಸಾಬ, ಲಕ್ಷ್ಮೇಶ್ವರ' ಎಂದು ಅಚ್ಚು ಹಾಕಿದೆ. ನನ್ನ ಅಂಗಡಿಯಲ್ಲಿ ಗಾಜಿನ ಕೆಳಗೆ ಹೆಸರು, ಊರು ಬಿಟ್ಟು ಬೇರೇನೂ ಬರೆದದ್ದೇ ಇಲ್ಲ. ಕೈ ರೂಢಿಯಂತೆ ಅಷ್ಟೇ ಬರೆಯಿತು. ದಾವಲಸಾಬ ಬಂದು ಹತ್ತಿರದಿಂದ ಓದಿದ, ದೂರ ನಿಂತು ಓದಿದ. "ಚಲೋ ಆಗೈತಿ. ಹುಟ್ಟಿದ ತಾರೀಖು ಹಾಕಲಿಲ್ಲ, ಶ್ಯಾಣ್ಯಾ ಅದಿ. ಹಾಕಿದ್ರ ಮುಂದ ಇನ್ನೊಂದು ತಾರೀಖಿಗೆ ಜಾಗಾ ಬಿಡಬೇಕಾಗತಿತ್ತು" ಎಂದ. ಅವನ ಕತ್ತಿಯ ಎಡಕ್ಕೆ ಶಿರಹಟ್ಟಿಯ ಒಬ್ಬ ನಿವೃತ್ತ ಮಾಸ್ತರರೂ ಬಲಕ್ಕೆ ಮುಂಡರಗಿಯ ಒಬ್ಬ ಕಿರಾಣಿ ವ್ಯಾಪಾರಿಯೂ ತೂಗುತ್ತಿದ್ದರು. ಇಬ್ಬರೂ ಕೋಟಿನಲ್ಲಿದ್ದರು.

ಅಂದಿನಿಂದ ದಾವಲಸಾಬ ಗದಗಿನ ಆಸ್ಪತ್ರೆಗೆ ಬಂದಾಗಲೆಲ್ಲ ನನ್ನ ಅಂಗಡಿಗೆ ಬಂದು ಕತ್ತಿಯ ಕೆಳಗಿನ ಸ್ಟೂಲಿನ ಮೇಲೆ ಕೂರುತ್ತಿದ್ದ. ಕೈಯಲ್ಲಿ ಪೇಪರು, ಕಿವಿ ಗಿರಾಕಿಗಳ ಕಡೆಗೆ. ಯಾರಾದರೂ ತಲೆ ಎತ್ತಿ ಕತ್ತಿ ನೋಡಿದರೆ ಅವನ ಪೇಪರು ಅಲ್ಲಾಡುವುದು ನಿಲ್ಲುತ್ತಿತ್ತು. ಆ ಮುದುಕ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಕೂರುತ್ತಿದ್ದ. ಯಾರೂ ಕೇಳಲಿಲ್ಲ. ಸತ್ತವರ ಫೋಟೋ ಒಯ್ಯಲು ಬಂದವರಿಗೆ ಎಂಟು ಮುಖದ ಅಲಗು ಯಾಕೆ ಬೇಕು? ನಾನೇ ಒಬ್ಬಿಬ್ಬರಿಗೆ ಮುಂಚಿತವಾಗಿ ಹೇಳಿಕೊಟ್ಟು ಕೇಳಿಸಬೇಕೆಂದು ಯೋಚಿಸಿದೆ. ಆದರೆ ನನ್ನ ಸುಳ್ಳು ಎಲ್ಲಿ ಮಾತ್ರ ಚೆಂದ ಎಂದು ಅವನು ಮೊದಲೇ ಹೇಳಿದ್ದನಲ್ಲ, ಬಿಟ್ಟೆ.

ಒಂದು ಬೆಳಿಗ್ಗೆ ಕಟ್ಟಿನ ಮೇಲೆ ಒಂದು ಚೆಂಡುಹೂ ಕಂಡಿತು. ಅಂಗಡಿಯ ಮುಂದೆ ಹೂ ಮಾರುವ ಫಕೀರವ್ವ ಇಟ್ಟದ್ದು. ಮುದುಕಿ ಮಾರಿ ಉಳಿದದ್ದನ್ನು ಎಲ್ಲಾದರೂ ಇಡುತ್ತಾಳೆ ಎಂದು ಸುಮ್ಮನಾದೆ. ಮರುದಿನ ಎರಡಾದವು. ಆಮೇಲೆ ಯಾರೋ ಸಕ್ಕರೆಯ ಪೊಟ್ಟಣ ಇಟ್ಟರು. ಮುಂಡರಗಿಯ ಕಡೆಯ ಗಿರಾಕಿಯೊಬ್ಬರು ಚಪ್ಪಲಿ ಹೊರಗೆ ಬಿಟ್ಟು ಬಂದು, "ಲಕ್ಷ್ಮೇಶ್ವರದ ಅಜ್ಜಾರು ಭಾಳ ಜಾಗೃತ ಅಂತರಿ?" ಎಂದು ಕೇಳಿದಾಗ ನನಗೆ ವಿಷಯ ಹೊಳೆಯಿತು. ಸುತ್ತೆಲ್ಲ ಸತ್ತವರು, ಗಾಜಿನೊಳಗೆ ಕತ್ತಿ, ಕೆಳಗೆ ಒಂದು ಹೆಸರು. ಇದ್ಯಾರೋ ಕತ್ತಿ ಹಿಡಿದು ಹೋರಾಡಿ ಮಡಿದ ಪೀರರೋ ಶರಣರೋ ಇರಬೇಕೆಂದು ಮಂದಿ ತೀರ್ಮಾನಿಸಿದ್ದರು. ನಮ್ಮ ಕಡೆ ಅಜ್ಜನವರು ಎಂದಮೇಲೆ ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ, ಕೈ ಮುಗಿದು ಮುಂದೆ ಹೋಗುತ್ತಾರೆ. ಹೆಮ್ಮೆ ಪಡುವ ಸಂಗತಿಯೇ. ಅಜ್ಜನವರು ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದರು ಎನ್ನುವುದೊಂದೇ ತೊಡಕು.

ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಮಾವನ ಫೋಟೋ ಒಯ್ಯಲು ಬಂದವಳು ಕತ್ತಿಯನ್ನು ಕಂಡು ಸೆರಗು ತಲೆಗೆ ಹೊದ್ದಳು. "ಸ್ವಲ್ಪ ಸರೀರಿ ಯಜ್ಜಾ, ಅಡ್ಡ ಕುಂತೀರಿ" ಎಂದು ದಾವಲಸಾಬನಿಗೆ ಹೇಳಿದಳು. ಅವನು ಸ್ಟೂಲಿನ ಸಮೇತ ಸರಿದ. ಅವಳು ಊದಿನಕಡ್ಡಿ ಹಚ್ಚಿ ಕಣ್ಣು ಮುಚ್ಚಿ ನಿಂತಳು.

"ಏನ ಬೇಡಿಕೊಂಡ್ಯವ್ವಾ ತಂಗಿ?" ಎಂದು ದಾವಲಸಾಬ ಕೇಳಿದ.

"ಮನಿಯವರ ಕುಡಿತ ಬಿಡಿಸ್ರಿ ಅಂತ ರೀ."

"ಅಂವನ್ನೇನ ಕೇಳತಿ? ಅಂವಾ ಭಾಳ ಕೆಟ್ಟ ಮನಷ್ಯಾ ಇದ್ದ. ನನಗ ಗೊತ್ತೈತಿ."

ಅವಳು ಕಿವಿ ಮುಟ್ಟಿಕೊಂಡಳು. "ಹಂಗ ಅನಬಾರದರೀ ದೊಡ್ಡವರಿಗೆ! ಬಾಯಿಗೆ ಹುಳಾ ಬೀಳತಾವು." ದಾವಲಸಾಬ ನಗಲು ಹೋಗಿ ಕೆಮ್ಮಿದ. ಕೆಮ್ಮು ಹಿಡಿದುಕೊಂಡಿತು, ಕಣ್ಣು ಕೆಂಪಗಾದವು, ನಾನು ನೀರು ತರಲು ಓಡಿದೆ. ಅವಳಿಗೆ ಮರುಕ ಬಂದಿರಬೇಕು. ಕಟ್ಟಿನ ಮೇಲೆ ಉದುರಿದ ಊದಿನಕಡ್ಡಿಯ ಬೂದಿಯನ್ನು ಬೆರಳಿಂದ ತೆಗೆದು ಅವನ ಅಂಗೈಗೆ ಹಾಕಿ, "ನೋಡಿದ್ರಿಲ್ಲೋ, ಅಂದಕೂಡಲೇ ಕಾಡಿಸಿದ್ರು. ಇದನ್ನ ಎದಿಗೆ ಹಚ್ಕೋರಿ. ದಾವಲಸಾಬಜ್ಜಾರನ್ನ ನೆನಸಿ ಹಚ್ಕೊಂಡ್ರ ಎಂಥಾ ಕೆಮ್ಮೂ ಹೋಕ್ಕೈತಿ" ಎಂದು ಹೇಳಿ ಮಾವನ ಫೋಟೋ ಎತ್ತಿಕೊಂಡು ಹೋದಳು.

ದಾವಲಸಾಬ ಅಂಗೈಯನ್ನೇ ನೋಡುತ್ತ ಕೂತ. ಬಯ್ಯುತ್ತಾನೆ ಎಂದುಕೊಂಡೆ. ಅವನು ಅಂಗಿಯ ಗುಂಡಿ ಬಿಚ್ಚಿದ. "ಡಾಕ್ಟರಂದು ಆತು, ಹಕೀಮಂದು ಆತು. ನಂದೂ ಒಂದು ನೋಡೇ ಬಿಡೂಣು" ಎಂದು ಬೂದಿಯನ್ನು ಎದೆಗೆ ಸವರಿಕೊಂಡ. ಎಲುಬುಗಳ ಮೇಲೆ ಅದು ಬೆಳ್ಳಗೆ ಕಂಡಿತು. ಇಬ್ಬರೂ ನಕ್ಕೆವು. ನಾನು ಸ್ವಲ್ಪ ಹೊತ್ತು ನಕ್ಕು, ಗಾಜು ಒರೆಸುವ ನೆವದಲ್ಲಿ ಆ ಕಡೆ ತಿರುಗಿ ಅತ್ತೆ. "ಬಸ್ಯಾ, ಅಕಿ ಎಲ್ಲಾ ಕೇಳಿದಳು. ಮಾಡಿದಂವ ಯಾರು ಅಂತ ಮಾತ್ರ ಕೇಳಲಿಲ್ಲ ನೋಡು" ಎಂದ. ಅವನು ಅಂಗಡಿಗೆ ಬಂದದ್ದು ಅದೇ ಕಡೆಯ ಸಲ.

ಆ ಬೂದಿಯೂ ಡಾಕ್ಟರ ಮಾತ್ರೆಯಷ್ಟೇ ಕೆಲಸ ಮಾಡಿತು. ಮಳೆಗಾಲ ಹಿಡಿಯುವ ಮುಂಚೆ ಖಬರು ಬಂತು. ಲಕ್ಷ್ಮೇಶ್ವರಕ್ಕೆ ಹೋಗಿ ಹೆಗಲು ಕೊಟ್ಟೆ, ಒಂದು ಹಿಡಿ ಮಣ್ಣು ಹಾಕಿದೆ. ಅವನಿಗೆ ಫೋಟೋ ಬೇಡ ಎಂದರು ಮನೆಯವರು. ಊರಿಗೆಲ್ಲ ಕೋಟು ತೊಡಿಸಿದ ನನಗೆ ನನ್ನ ಗೆಳೆಯನಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಕಂಡಕ್ಟರನೊಡನೆ ಚಿಲ್ಲರೆಯ ನೆಪ ತೆಗೆದು ಸುಮ್ಮನೆ ಜಗಳಾಡಿದೆ.

ಕೆಲವು ದಿನಗಳ ಮೇಲೆ ಅವನ ಮಗಳು ಶಾಹೀನ ಅಂಗಡಿಗೆ ಬಂದಳು. ಶಿರಹಟ್ಟಿಯಲ್ಲಿ ಅಂಗನವಾಡಿ ನಡೆಸುವ ಮೆದುಮಾತಿನ ಹುಡುಗಿ. ಕತ್ತಿಯ ಮುಂದಿನ ಹೂ, ಸಕ್ಕರೆ, ಕಾಯಿಯ ಚೂರು ಎಲ್ಲ ನೋಡಿದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. "ಕಾಕಾ, ಕತ್ತಿ ಇಲ್ಲೇ ಇರ್ಲಿ, ಅಬ್ಬಾನ ಆಸೆ ಅದು. ಆದ್ರ ಅಬ್ಬಾನ್ನ ದೇವರ ಮಾಡಬ್ಯಾಡ್ರಿ. ಅಬ್ಬಾ ಕೈಯಿಂದ ಕೆಲಸಾ ಮಾಡಿದ ಮನಷ್ಯಾ. ನಮಗ ಅಷ್ಟ ಸಾಕು" ಎಂದಳು. ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಅಂದೇ ಹೆಸರಿನ ಚೀಟಿ ಬದಲಿಸಿದೆ. 'ಈ ಕತ್ತಿಯನ್ನು ಮಾಡಿದವರು' ಎಂದು ದಪ್ಪ ಅಕ್ಷರದಲ್ಲಿ ಮೇಲೆ ಸೇರಿಸಿದೆ. ಮಂದಿ ಅದನ್ನು ಓದಿ, ಓಹೋ, ಅಜ್ಜಾರು ತಮ್ಮ ಕತ್ತಿಯನ್ನು ತಾವೇ ಮಾಡಿಕೊಂಡಿದ್ದರಂತೆ ಎಂದು ಇನ್ನಷ್ಟು ಭಕ್ತಿಯಿಂದ ಕೈ ಮುಗಿದರು. ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಸಿಟ್ಟು ನೆತ್ತಿಗೇರಿ ಹೊರಗೆ ಹೋಗಿ ಫಕೀರವ್ವನನ್ನು ಹಿಡಿದುಕೊಂಡೆ. "ಏನ ಹಚ್ಚೀ ಯಜ್ಜೀ ಇದು? ಮದಲನೇ ಹೂ ಇಟ್ಟಾಕಿ ನೀನ. ಅಂವ ನನ್ನ ಗೆಳ್ಯಾ, ನನ್ನಂಥಾ ಮನಷ್ಯಾ. ಅಂವಂಗ್ಯಾಕ ಹೂ ಇಟ್ಟಿ?"

ಫಕೀರವ್ವ ಹೂ ಕಟ್ಟುವುದನ್ನು ನಿಲ್ಲಿಸದೆ ಹೇಳಿದಳು. "ನನಗೇನ ಗೊತ್ತೋ ಯಪ್ಪಾ? ನನಗ ಓದಾಕ ಬರ್ತೈತೇನು? ನೀನ ದಿನಾ ಮುಂಜಾನೆ ಬಾಗಲಾ ತಗದು ಅದರ ಮುಂದ ಊದಿನಕಡ್ಡಿ ಬೆಳಗತಿದ್ದಿ. ಮಾಲಕನ ಕೈ ಮುಗ್ಯಾಕತ್ತಾನ ಅಂದ್ರ ದೊಡ್ಡ ದೇವರ ಇರಬೇಕು ಅಂತ ನಾ ಒಂದ್ ಹೂ ಇಟ್ಟೆ."

ಅವಳು ಹೇಳಿದ್ದು ಸುಳ್ಳಲ್ಲ. ಅಂಗಡಿಕಾರರೆಲ್ಲ ಮಾಡುವಂತೆ ನಾನೂ ಬೆಳಿಗ್ಗೆ ಬಾಗಿಲು ತೆಗೆದೊಡನೆ ಊದಿನಕಡ್ಡಿ ಹಚ್ಚಿ, ದೇವರ ಪಟಕ್ಕೆ, ಗಲ್ಲಾಪೆಟ್ಟಿಗೆಗೆ, ಗಾಜು ಕೊಯ್ಯುವ ಮೇಜಿಗೆ, ಕಂಪ್ಯೂಟರಿಗೆ, ಸಾಲಾಗಿ ತೂಗುವ ಎಲ್ಲ ಗಿರಾಕಿಗಳಿಗೆ ಬೆಳಗುತ್ತೇನೆ. ಆ ಹೊತ್ತು ನನ್ನ ತಲೆಯಲ್ಲಿ ಕರೆಂಟಿನ ಬಿಲ್ಲಿನ ಚಿಂತೆ ಇರುತ್ತದೆ. ಕೈ ಮಾತ್ರ ತಿರುಗುತ್ತಿರುತ್ತದೆ. ಕತ್ತಿಯ ಮುಂದೂ ತಿರುಗಿದೆ. ಹೀಗೆ ನನ್ನ ಗೆಳೆಯನನ್ನು, ಅವನು ಇನ್ನೂ ಬದುಕಿರುವಾಗಲೇ ದೇವರ ಸಾಲಿಗೆ ಸೇರಿಸಿದ ಮೊದಲ ಭಕ್ತ ನಾನೇ ಆಗಿದ್ದೆ.

ಮರುದಿನದಿಂದ ಊದಿನಕಡ್ಡಿಯನ್ನು ಕತ್ತಿಯ ತನಕ ಒಯ್ಯದೆ ಮಾಸ್ತರರ ಹತ್ತಿರವೇ ನಿಲ್ಲಿಸಿ, ಅಲ್ಲಿಂದ ಕಿರಾಣಿ ವ್ಯಾಪಾರಿಗೆ ಹಾರಿಸಿದೆ. ಫಕೀರವ್ವ ಹೊರಗಿಂದ ನೋಡಿದಳು. ಅವಳ ಹೂ ನಿಂತಿತು. ಹೂ ನಿಂತದ್ದು ಕಂಡು ಸಕ್ಕರೆ ನಿಂತಿತು. ದೇವರ ಪದವಿ ಹೋಗುವುದಕ್ಕೆ ಇಷ್ಟೇ ಸಾಕೆಂದು ನನಗೆ ಗೊತ್ತಿರಲಿಲ್ಲ. ಶಾಹೀನಳಿಗೆ ಫೋನು ಮಾಡಿ ಹೇಳಿದೆ. "ಚಲೋ ಆತು ಕಾಕಾ" ಎಂದಳು. ಇನ್ನಾದರೂ ಮಂದಿ ಕತ್ತಿಯನ್ನು ಕತ್ತಿಯೆಂದು ನೋಡುತ್ತಾರೆ, ಚೀಟಿ ಓದುತ್ತಾರೆ, ಯಾರಾದರೊಬ್ಬ ಪುಣ್ಯಾತ್ಮ ಆ ಮಾತು ಕೇಳುತ್ತಾನೆ ಎಂದು ಕಾದೆ. ಅವನ ಸ್ಟೂಲಿನ ಮೇಲೆ ಈಗ ನಾನೇ ಪೇಪರು ಹಿಡಿದು ಕೂರುತ್ತಿದ್ದೆ.

ಯಾರೂ ಕತ್ತಿಯ ಕಡೆ ತಲೆಯನ್ನೇ ಎತ್ತಲಿಲ್ಲ. ಕೈ ಮುಗಿಯುವಾಗಲಾದರೂ ಹೆಸರು ಹೇಳುತ್ತಿದ್ದರು, ಈಗ ಅದೂ ಇಲ್ಲ. ಗಾಜಿನ ಮೇಲೆ ಧೂಳು ಕೂತಿತು. ನಿನ್ನೆ ಒಬ್ಬ ಗಿರಾಕಿ ಅಪ್ಪನ ಫೋಟೋ ತಂದವನು ಗೋಡೆಯನ್ನೆಲ್ಲ ನೋಡಿ, ಕತ್ತಿಯ ಮುಂದೆ ನಿಂತ. ಮೇಲಿಂದ ಕೆಳಗೆ ನೋಡಿದ. ಬೆರಳಿಂದ ಕಟ್ಟನ್ನು ಮುಟ್ಟಿ, "ಇದನ್ನ ಮಾಡಿದವರು ಯಾರ್ರಿ?" ಎಂದು ಕೇಳಿದ. ಪೇಪರು ಕೆಳಗೆ ಹಾಕಿದೆ. ಎದ್ದು ನಿಂತೆ. ಬಾಯಿ ತೆಗೆಯುವಷ್ಟರಲ್ಲಿ ಅವನೇ ಮುಂದುವರಿಸಿದ. "ಕಟ್ಟು ಭಾರಿ ಐತ್ರಿ. ಸಾಗವಾನಿ ಅಲ್ಲರೀ? ಒಳಗಿನ ಆ ಕಬ್ಬಿಣ ತಗದು ನಮ್ಮ ಅಪ್ಪಂದು ಕುಂಡ್ರಿಸಿ ಕೊಡ್ರಿ, ಎಷ್ಟಾದರೂ ಆಗ್ಲಿ."

ಮಾಡಿದವನು ನಾನೇ ಎಂದು ಹೇಳಬೇಕಾಯಿತು. ಅವನಿಗೆ ಬೇರೆ ಕಟ್ಟು ತೋರಿಸಿ ಕಳಿಸಿ, ಅಂದು ಅಂಗಡಿ ಬೇಗ ಮುಚ್ಚಿದೆ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಆ ಗಾಜು ಒರೆಸಿದೆ. ಆಮೇಲೆ ಊದಿನಕಡ್ಡಿ ಹಚ್ಚಿದೆ. ರೂಢಿಯಿಂದ ಕೈ ತಾನೇ ಹೋಯಿತು ಎಂದರೆ ಸುಳ್ಳಾಗುತ್ತದೆ, ನಾನೇ ಒಯ್ದೆ. ಹೊರಗಿನ ಫಕೀರವ್ವನಿಗೆ ಸರಿಯಾಗಿ ಕಾಣಲಿ ಎಂದು ಪಕ್ಕಕ್ಕೆ ಸರಿದು, ಸ್ವಲ್ಪ ಹೆಚ್ಚೇ ಹೊತ್ತು ಬೆಳಗಿದೆ. ಅವಳು ಬುಟ್ಟಿಯಲ್ಲಿ ಹೂ ಹುಡುಕತೊಡಗಿದಳು. ಶಾಹೀನಳಿಗೆ ಏನು ಹೇಳಬೇಕೋ ಇನ್ನೂ ಹೊಳೆದಿಲ್ಲ. ದಾವಲಸಾಬನಿಗೆ ಮಾತ್ರ, ಬಯ್ಯುವುದಿದ್ದರೆ ಬಂದು ಬಯ್ಯೋ ಲೇ ಎಂದು ಹೇಳಿದೆ.